ನಾಯಿಯೂ ಒಯ್ಯದ ಮಗಳಿಗೆ

ಅತ್-ಬಾಶಿ,
ನವೆಂಬರ್ ೧೮, ಬೆಳಿಗ್ಗೆ

ಸೊಟ್ಟ ಮೂಗಿನ, ಕೊಕ್ಕರೆ ಕಾಲಿನ, ಯಾರಿಗೂ ಬೇಡವಾದ ನನ್ನ ಮಗಳು ಇತಾಲ್ಮಸ್‌ಗೆ,

ನಿನ್ನ ಕಾಗದ ಬಂತು. ಚಿತ್ರಗಳೂ ಬಂದವು. ನಿನ್ನ ಅಪ್ಪ ಅವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು, ಕೈ ಒರೆಸಿಕೊಂಡು ಮತ್ತೊಮ್ಮೆ ನೋಡಿದರು. ಆಮೇಲೆ ಕುದುರೆಗೆ ನೀರು ಕುಡಿಸಬೇಕು ಎಂದು ಹೊರಗೆ ಹೋದರು. ಆಗಷ್ಟೇ ಕುಡಿಸಿ ಬಂದಿದ್ದರು.

ಫೋನ್ ಇರುವಾಗ ಅವ್ವ ಯಾಕೆ ಕಾಗದ ಬರೆಯುತ್ತಾಳೆ ಎಂದು ಕೇಳಿದ್ದೀಯ. ಕಾರಣ ಮುಂದೆ ಹೇಳುತ್ತೇನೆ. ಈ ಕಾಗದವನ್ನು ತರುವವಳು ಪಕ್ಕದ ಮನೆಯ ಕಾಲ್‌ಬುಬುವಿನ ಮಗಳು ಜರ್ಕಿನ್; ಕಾಲೇಜು ಓದಲು ನೀನಿರುವ ಪ್ಯಾರಿಸಿಗೇ ಹೊರಟಿದ್ದಾಳೆ. ಅವಳು ನಿನ್ನ ಕೈಗೇ ಕೊಡಬೇಕು, ಬೇರೆ ಯಾರ ಕೈಗೂ ಕೊಡಕೂಡದು ಎಂದು ರೊಟ್ಟಿ ಮುಟ್ಟಿಸಿ ಆಣೆ ಮಾಡಿಸಿದ್ದೇನೆ. ನೀನೂ ಒಬ್ಬಳೇ ಕೂತು ಓದು.

ಊರಿನ ಸುದ್ದಿ ಹೇಳಿಬಿಡುತ್ತೇನೆ. ನಿನ್ನ ಚಿತ್ರವನ್ನು ಜಿಲ್ಲಾ ಕಚೇರಿಯ ಗೋಡೆಗೆ ಮಹಡಿಯಷ್ಟು ಎತ್ತರ ಹಾಕಿದ್ದಾರೆ. ಕೆಳಗೆ 'ನಮ್ಮ ಬೆಟ್ಟಗಳ ಮುಖ' ಎಂದು ಬರೆಸಿದ್ದಾರೆ. ಕುರಿ ಸಂತೆಗೆ ಬಂದವರು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಎಷ್ಟೋ ಮನೆಗಳ ತಾಯಂದಿರು ಹುಡುಗಿಯರನ್ನು ಕರೆತಂದು ನನ್ನ ಮುಂದೆ ನಿಲ್ಲಿಸಿ, "ಉಮ್ಸುನೈ ಅಕ್ಕ, ನಮ್ಮವಳೂ ಎತ್ತರ ಇದ್ದಾಳೆ, ನಿಮ್ಮ ಕೈ ತಲೆ ಮೇಲಿಡಿ" ಅನ್ನುತ್ತಾರೆ. ನಾನು ಆ ಹುಡುಗಿಯರಿಗೆ ಹಾಲು ಕೊಟ್ಟು ಮನೆಗೆ ಕಳಿಸುತ್ತೇನೆ. ಇಷ್ಟು ದಿನ ಟಿವಿಯಲ್ಲಿ ನಮ್ಮಂಥ ಕಣ್ಣು, ನಮ್ಮಂಥ ಕೆನ್ನೆಯವರು ಯಾರೂ ಇರಲಿಲ್ಲ, ನಿನ್ನಿಂದ ನಮ್ಮವರ ಮುಖವನ್ನು ಜಗತ್ತು ನೋಡುವಂತಾಯಿತು ಎಂದು ಶಾಲೆಯ ಮೇಷ್ಟ್ರು ಭಾಷಣ ಮಾಡಿದರು. ನಾನು ಮುಂದಿನ ಸಾಲಿನಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದೆ. ಅದನ್ನು ನೀನು ಹೇಗೆ ಬೇಕಾದರೂ ಅರ್ಥಮಾಡಿಕೋ.

ಈಗ ನೀನು ಕೇಳಿದ್ದರ ಮಾತು. ನಿನ್ನ ಹಳೆಯ ತೇಪೆ ಅಂಗಿ ಬೇಕಂತೆ. ಅದನ್ನು ಬಿಚ್ಚಿ, ರೇಷ್ಮೆ ಗೌನಿನ ಎದೆಯ ಮೇಲೆ ಹೊಲಿದು, ದೊಡ್ಡ ಫ್ಯಾಷನ್ ಪ್ರದರ್ಶನದಲ್ಲಿ ನಿನ್ನನ್ನು ಕೊನೆಗೆ ನಡೆಸುತ್ತಾರಂತೆ. ಜೊತೆಗೆ ನಿನ್ನ ಹುಟ್ಟಿದ ದಾಖಲೆ ಬೇಕಂತೆ. ನಿನ್ನನ್ನು ಆ ಕೆಲಸಕ್ಕೆ ಕರೆದೊಯ್ದ ಮದಾಮ್ ಸೊಲಾಂಜ್ ನಿನಗೆ ಕೊಟ್ಟಿರುವ ಹೊಸ ಹೆಸರನ್ನು ಪಾಸ್‌ಪೋರ್ಟಿನಲ್ಲಿಯೇ ಬರೆಸಬೇಕಂತೆ. ಆ ಹೆಸರನ್ನು ನಾನು ಈ ಕಾಗದದಲ್ಲಿ ಬರೆಯುವುದಿಲ್ಲ. ಊರಿನವರು ನನ್ನ ಮುಂದೆ ಹೇಳಿದರೂ ನಾನು ಎದ್ದು ಹೋಗುತ್ತೇನೆ. ಅವ್ವನಿಗೆ ಜಂಬ ಎಂದು ಅವರು ತಿಳಿದಿದ್ದಾರೆ. ತಿಳಿದುಕೊಳ್ಳಲಿ.

ಎರಡನ್ನೂ ಕಳಿಸುವುದಿಲ್ಲ. ಯಾಕೆಂದು ಕೇಳು.

ನೀನು ಹುಟ್ಟುವ ಮೊದಲು ಮೂರು ಮಕ್ಕಳನ್ನು ಕಳೆದುಕೊಂಡೆ. ಇದು ನಿನಗೆ ಗೊತ್ತು. ಮೊದಲನೆಯದು ಹೇಗೆ ಹೋಯಿತು ಎಂದು ಮಾತ್ರ ನಾನು ನಿನಗೆ ಹೇಳಿಲ್ಲ. ನಾವು ಚಳಿಗಾಲದ ದೊಡ್ಡಿಯಲ್ಲಿದ್ದೆವು. ನಿನ್ನ ಅಪ್ಪ ಸೂಲಗಿತ್ತಿಯನ್ನು ಕರೆತರಲು ಕಣಿವೆಗೆ ಇಳಿದಿದ್ದರು. ಅವರು ಬರುವ ಮೊದಲೇ, ನಸುಕಿನಲ್ಲಿ, ಹೆಣ್ಣು ಮಗು ಹುಟ್ಟಿತು. ನಾನೇ ಹೊಕ್ಕುಳಬಳ್ಳಿ ಕತ್ತರಿಸಿದೆ. ಮಗುವನ್ನು ಒರೆಸಿ ಎದೆಗೆ ಹಾಕಿಕೊಂಡು ತಲೆ ಎತ್ತಿದರೆ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ನಮ್ಮ ದೊಡ್ಡಿಯ ಬಾಗಿಲು ಗಿಡ್ಡ. ಅವಳು ಚೌಕಟ್ಟಿನ ಮೇಲೆ ಕೈಯಿಟ್ಟು, ಕತ್ತು ಬಗ್ಗಿಸಿ ಒಳಗೆ ನೋಡುತ್ತಿದ್ದಳು. ಬಿಚ್ಚಿದ ಹಳದಿ ಕೂದಲು, ಹಸುಗೂಸುಗಳನ್ನು ಒಯ್ಯುವವಳಿಗೆ ಇರುತ್ತದೆ ಎಂದು ಹಳಬರು ಹೇಳುತ್ತಿದ್ದಂಥದು. ನಾನು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಇರಲಿಲ್ಲ. ಮಗುವೂ ಇರಲಿಲ್ಲ, ಅಂದರೆ ಉಸಿರಿರಲಿಲ್ಲ.

ನಾನು ಹತ್ತನೇ ತರಗತಿಯವರೆಗೆ ಓದಿದವಳು. ಗಣಿತದಲ್ಲಿ ನನಗೆ ಪದಕ ಬಂದಿತ್ತು. ಹೆರಿಗೆಯ ಜ್ವರದಲ್ಲಿ ಹಾಗೆಲ್ಲ ಕಾಣುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಮುಂದಿನ ಎರಡೂ ಗಂಡು. ಅವುಗಳಿಗೆ ಚೆಂದದ ಹೆಸರಿಟ್ಟೆ, ಚೆಂದದ ಟೋಪಿ ಹೊಲಿದೆ, ಬಂದವರೆಲ್ಲ ಎತ್ತಿ ಮುದ್ದಾಡಿದರು. ಉಳಿಯಲಿಲ್ಲ.

ನೀನು ಹುಟ್ಟಿದಾಗ ನಿನ್ನ ಅಜ್ಜಿ ನನ್ನ ಮಾತು ಕೇಳಲಿಲ್ಲ. ಬಾಗಿಲಿಗೆ ಹೋಗಿ ಗಟ್ಟಿಯಾಗಿ, "ಥೂ, ಎಂಥ ಕೋತಿ ಹುಟ್ಟಿದೆ ನೋಡ್ರೇ! ಇದನ್ನ ನಾಯೀನೂ ಒಯ್ಯಲ್ಲ!" ಎಂದು ಕೂಗಿದಳು. ಅದೇ ನಿನ್ನ ಹೆಸರಾಯಿತು. ಇತಾಲ್ಮಸ್, ನಾಯಿಯೂ ಒಯ್ಯದವಳು. ಮನೆಮನೆಗೆ ಹೋಗಿ ಹರಿದ ಬಟ್ಟೆಯ ತುಂಡು ಬೇಡಿ ತಂದು ಆ ತೇಪೆ ಅಂಗಿ ಹೊಲಿದಳು. ಯಾರ ಮನೆಯ ಮಗು ಎಂದು ನೋಡುವವಳಿಗೆ ತಿಳಿಯಬಾರದು ಅಂತ. ದಿನಾ ಬೆಳಿಗ್ಗೆ ಕಡಾಯಿಯ ತಳದ ಮಸಿಯನ್ನು ಹೆಬ್ಬೆಟ್ಟಿನಿಂದ ನಿನ್ನ ಹಣೆಗೆ ಒತ್ತುತ್ತಿದ್ದಳು. ಅವಳು ತೀರಿಕೊಂಡ ಮೇಲೆ ನಾನು ಒತ್ತಿದೆ. ನೀನು ದೊಡ್ಡವಳಾಗಿ, "ಅವ್ವ, ಶಾಲೇಲಿ ನಗ್ತಾರೆ" ಎಂದು ಅತ್ತಾಗಲೂ ಬಿಡಲಿಲ್ಲ. ಮನೆಯಲ್ಲಿ ಕನ್ನಡಿ ಇಡಲಿಲ್ಲ. ನಿನ್ನ ಮದುವೆಯ ಮಾತೆತ್ತಿದವರಿಗೆ ನಿನ್ನ ಹಲ್ಲು ಸರಿಯಿಲ್ಲ ಎಂದೆ. ನೀನು ಉಳಿದೆ.

ನಿನ್ನ ಮದಾಮ್ ನಮ್ಮ ಮನೆಗೆ ಬಂದ ದಿನ ನೆನಪಿದೆಯಾ? ಸಂತೆಯಲ್ಲಿ ನೀನು ಹೇಸರಗತ್ತೆಯ ಹಗ್ಗ ಹಿಡಿದು ಅಲುಗಾಡದೆ ನಿಂತಿದ್ದನ್ನು ಕಂಡು ಹಿಂದೆಯೇ ಬಂದಿದ್ದಳು. ತಲೆಗೆ ವಸ್ತ್ರ ಬಿಗಿದಿದ್ದಳು. ಒಂದು ಕೂದಲೂ ಕಾಣುತ್ತಿರಲಿಲ್ಲ. ನಮ್ಮವರ ರೀತಿ ತಿಳಿದವಳು, ಮರ್ಯಾದಸ್ಥೆ ಎಂದು ನಾನೇ ಹೊಗಳಿದೆ. ರೊಟ್ಟಿ ಮುರಿದು ಕೊಟ್ಟರೆ ಕೈಯಲ್ಲಿ ಹಿಡಿದಳು, ಬಾಯಿಗೆ ಇಡಲಿಲ್ಲ. ಅವಳ ಜೊತೆಗಿದ್ದ ದುಭಾಷಿ, "ಇವರು ಗೋಧಿ ತಿನ್ನೋದಿಲ್ಲ, ಈ ಕೆಲಸದಲ್ಲಿರೋರು ಯಾರೂ ತಿನ್ನಲ್ಲ" ಅಂದ. ಕಾಲ್‌ಬುಬು, "ಗೋಧಿ ತಿನ್ನದವ್ರು ಗಾಳಿ ತಿಂತಾರಾ? ಅದಕ್ಕೇ ಹಂಗೆ ಕಡ್ಡಿ ಆಗವ್ಳೆ" ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ನಮ್ಮ ಮನೆಯ ರೊಟ್ಟಿಯನ್ನು ಬಾಯಿಗಿಡದೆ ಹೋದವರು ಅವಳಿಗಿಂತ ಮೊದಲು ಯಾರೂ ಇರಲಿಲ್ಲ. ನಾನು ಅದನ್ನು ಅಂದೇ ಎಣಿಸಿಕೊಳ್ಳಬೇಕಿತ್ತು.

ಮೊದಮೊದಲು ಬಂದ ನಿನ್ನ ಚಿತ್ರಗಳು ನನಗೆ ಸಮಾಧಾನ ಕೊಟ್ಟವು. ನೀನೇ ಬರೆದಿದ್ದೆ. ಎಷ್ಟು ತೊಳೆದರೂ, ಎಷ್ಟು ಪುಡಿ ಹಚ್ಚಿದರೂ, ಚಿತ್ರ ತೆಗೆದರೆ ಹಣೆಯ ಮೇಲೆ ಬೂದು ಬಣ್ಣದ ಒಂದು ಗುರುತು ಕಾಣುತ್ತದೆ, ಫೋಟೊದವನು ತನ್ನ ಕ್ಯಾಮೆರಾ ಬದಲಿಸಿದ, ಆಮೇಲೆ ಕಂಪ್ಯೂಟರಿನಲ್ಲಿ ಕೂತು ಅಳಿಸುತ್ತಾನೆ ಅಂತ. ನಿನಗೆ ಅದು ತಮಾಷೆ. ನಾನು ಆ ಚಿತ್ರಗಳಲ್ಲಿ ಗುರುತನ್ನು ಹುಡುಕುತ್ತಿದ್ದೆ. ಎಷ್ಟು ಅಳಿಸಿದ್ದರೂ ಬೆಳಕಿಗೆ ಓರೆಯಾಗಿ ಹಿಡಿದರೆ ಕಾಣುತ್ತಿತ್ತು. ಅಜ್ಜಿಯ ಹೆಬ್ಬೆಟ್ಟಿನಷ್ಟೇ ಅಗಲ.

ಈ ಸಲ ಬಂದ ಚಿತ್ರಗಳಲ್ಲಿ ಒಂದರಲ್ಲಿ ಅದಿಲ್ಲ. ಬಿಳಿ ಉಡುಪಿನಲ್ಲಿ, ಭುಜದ ಮೇಲಿಂದ ಹಿಂದಿರುಗಿ ನೋಡುತ್ತಿರುವ ಚಿತ್ರ. ಹಣೆ ಹಾಲಿನ ಹಾಗಿದೆ. ನಿನ್ನ ಅಪ್ಪ ಅದನ್ನು ಹಿಡಿದು, "ಇದು ನಮ್ಮ ಹುಡುಗೀನೇನಾ?" ಎಂದು ಕೇಳಿದರು. ಕಾಲ್‌ಬುಬು ಬಿಡುತ್ತಾಳಾ, "ಮುಖ ತೊಳ್ಕೊಂಡ್ರೆ ಹೆತ್ತ ಅಪ್ಪಂಗೇ ಗುರುತು ಸಿಗಲ್ವಾ? ಅಷ್ಟು ವರ್ಷ ಮಸಿ ಬಳಿದ್ರೆ ಇನ್ನೇನಾಗುತ್ತೆ!" ಎಂದಳು. ನೀನು ಅದರ ಹಿಂದೆ ಬರೆದಿದ್ದನ್ನು ನಾನು ಅವರಿಗೆ ಓದಿ ಹೇಳಲಿಲ್ಲ. 'ಇದನ್ನು ಯಾವಾಗ ತೆಗೆದರೋ ನೆನಪಿಲ್ಲ ಅವ್ವ, ಈ ಬಟ್ಟೆ ಹಾಕಿದ ನೆನಪೂ ಇಲ್ಲ. ಎಲ್ಲರೂ ಇದೇ ನನ್ನ ಅತ್ಯುತ್ತಮ ಚಿತ್ರ ಅನ್ನುತ್ತಾರೆ.'

ಅದೇ ಚಿತ್ರದಲ್ಲಿ ಹಿಂದೆ ಒಂದು ಬಾಗಿಲಿದೆ. ಬಾಗಿಲಲ್ಲಿ ನಿನ್ನ ಮದಾಮ್ ನಿಂತಿದ್ದಾಳೆ, ಚೌಕಟ್ಟಿನ ಮೇಲೆ ಕೈಯಿಟ್ಟು, ಕತ್ತು ಬಗ್ಗಿಸಿ. ಬಾಗಿಲು ಎತ್ತರವಾಗಿಯೇ ಇದೆ, ಬಗ್ಗುವ ಅಗತ್ಯವಿರಲಿಲ್ಲ. ತಲೆಗೆ ವಸ್ತ್ರವಿಲ್ಲ. ನಾನು ಕಾಲ್‌ಬುಬುವಿಗೆ ತೋರಿಸಿದೆ. "ಅಕ್ಕಾ, ಆ ಊರ ತುಂಬ ಹಳದಿ ಕೂದ್ಲಿನೋರೇ. ಎಲ್ಲರಿಗೂ ಹೆದರ್ತಾ ಕೂತ್ರೆ ನೀನು ರಷ್ಯನ್ ಡಾಕ್ಟರ ಹತ್ರಾನೂ ಹೋಗಂಗಿಲ್ಲ" ಎಂದಳು. ಹೌದು, ನಾನು ಮೂರ್ಖಳಲ್ಲ. ಆದ್ದರಿಂದಲೇ ಫೋನ್ ಮಾಡಿ ನೋಡಿದೆ.

ನಿನ್ನ ಮದಾಮ್ ತಾನೇ ಎತ್ತಿದಳು. ಅವಳಿಗೆ ನಮ್ಮ ಭಾಷೆ ಒಂದಕ್ಷರ ಬಾರದು ಎಂದು ನೀನು ಬರೆದಿದ್ದೀಯ. ನಾನು ಮಗಳು ಎಲ್ಲಿ ಎಂದು ಕೇಳಿದೆ. ಆಕೆ ನಮ್ಮ ಭಾಷೆಯಲ್ಲಿ, ನಿನ್ನ ಅಜ್ಜಿಯ ಕಾಲಕ್ಕೇ ಹಳತಾಗಿದ್ದ ದೊಡ್ಡಿಯ ಮಾತಿನಲ್ಲಿ, "ಯಾವಳನ್ನ ಕೇಳ್ತೀಯೇ, ಹೆತ್ತವಳೇ? ಒಬ್ಬಳು ಮಲಗವಳೆ, ಒಬ್ಬಳು ನನ್ ಜೊತೆ ಕೂತವಳೆ" ಎಂದಳು. ನಾನು ಫೋನ್ ಇಟ್ಟೆ. ಆಮೇಲೆ ಮುಟ್ಟಿಲ್ಲ.

ನೀನು ಬರೆದ ಇನ್ನೊಂದು ತಮಾಷೆಯ ಮಾತು ಆಗ ನೆನಪಾಯಿತು. ವೇದಿಕೆಯ ಹಿಂದೆ ಹೊಸ ಹೆಸರಿನಿಂದ ಕೂಗಿದರೆ ನಿನಗೆ ಇನ್ನೂ ಅಭ್ಯಾಸವಾಗಿಲ್ಲ, ತಿರುಗುವುದೇ ಇಲ್ಲ. ಆದರೂ ಮದಾಮ್ ಪ್ರತಿಸಲವೂ ಬೇರೆ ಕಡೆ ನೋಡಿ ನಕ್ಕು, ಬಂದೆಯಾ, ಒಳ್ಳೆಯದು ಅನ್ನುತ್ತಾಳಂತೆ. ಅವಳಿಗೆ ದೃಷ್ಟಿ ಮಂದ ಎಂದು ನಿನ್ನ ಲೆಕ್ಕ.

ಇಷ್ಟು ಹೇಳಿದ ಮೇಲೆ ನನ್ನ ಮಾತು ಇದು. ಆ ಹೆಸರನ್ನು ಯಾವ ಕಾಗದಕ್ಕೂ ಹಾಕಿಸಬೇಡ. ಅವರು ಇಟ್ಟು ಕರೆಯುವುದು ಬೇರೆ, ನೀನೇ ಸಹಿ ಮಾಡಿ ಹೊತ್ತುಕೊಳ್ಳುವುದು ಬೇರೆ. ಹೊತ್ತುಕೊಂಡ ದಿನ ನೀನು ಅವಳ ಪಾಲು. ಈ ಕಾಗದದ ಜೊತೆ ಒಂದು ಸಣ್ಣ ಪೊಟ್ಟಣವಿದೆ. ಅದರಲ್ಲಿ ನಮ್ಮ ಕಡಾಯಿಯ ಮಸಿ. ಓದಿ ಮುಗಿಸಿದ ಕೂಡಲೇ ಹಣೆಗೆ ಒತ್ತಿಕೋ. ಕನ್ನಡಿ ನೋಡಿಕೊಂಡು ಒತ್ತಬೇಡ. ಜರ್ಕಿನ್ ನಿನ್ನನ್ನು ವಿಮಾನ ಹತ್ತಿಸುತ್ತಾಳೆ. ಪ್ರದರ್ಶನ ಹಾಳಾಗುತ್ತದೆ, ಬೆಟ್ಟದವರು ಮಾತಿಗೆ ನಿಲ್ಲುವವರಲ್ಲ ಎಂದು ಬೈಯುತ್ತಾರೆ. ಬೈಯಲಿ. ನಮ್ಮವರ ಮುಖವನ್ನು ಜಗತ್ತಿಗೆ ತೋರಿಸಲು ನಾಳೆ ಇನ್ನೊಬ್ಬಳು ಹೋಗುತ್ತಾಳೆ. ನನಗೆ ಇನ್ನೊಬ್ಬಳಿಲ್ಲ.

ಹೊರಡುವಾಗ ನೀನು ಒಂದು ತುತ್ತು ಕಚ್ಚಿ ಬಿಟ್ಟುಹೋದ ರೊಟ್ಟಿ ಗೋಡೆಯ ಮೊಳೆಯಲ್ಲೇ ಇದೆ. ಹಿಂತಿರುಗಿ ಬಂದು ಉಳಿದದ್ದನ್ನು ತಿನ್ನುವವರೆಗೆ ಅದು ಅಲ್ಲೇ ಇರಬೇಕು. ಕಲ್ಲಿನಂತೆ ಒಣಗಿತ್ತು. ಆ ಚಿತ್ರ ಬಂದ ಮರುದಿನ ಧೂಳು ಒರೆಸಲು ಇಳಿಸಿದೆ. ಕಚ್ಚಿದ ಅಂಚು ಒದ್ದೆಯಾಗಿತ್ತು. ಯಾರೋ ಈಗಷ್ಟೇ ಬಾಯಿಯಿಟ್ಟು ತೆಗೆದ ಹಾಗೆ. ನೀನು ಅಲ್ಲಿ ಹಸಿದಿದ್ದೀಯ. ನನಗೆ ಬೇರೆ ಏನೂ ತಿಳಿಯದಿದ್ದರೂ ಇಷ್ಟು ತಿಳಿಯುತ್ತದೆ.

ಕಾಗದದ ಕೊನೆಯಲ್ಲಿ ನೀನು ಕೇಳಿದ್ದೀಯ: 'ಇಡೀ ಊರು ಹೇಳ್ತು, ಇಡೀ ಜಗತ್ತು ಹೇಳ್ತು, ನೀನು ಒಂದೇ ಒಂದು ಸಲ ನಾನು ಚೆಂದ ಇದ್ದೀನಿ ಅಂತ ಬರಿ ಅವ್ವ.' ಬರೆಯುವುದಿಲ್ಲ. ನಿನ್ನ ಮೂಗು ಸೊಟ್ಟ. ಕಾಲು ಕೊಕ್ಕರೆಯದು. ಕಿವಿ ನಿನ್ನ ಅಪ್ಪನ ಕಡೆಯವರದು, ಅದಕ್ಕೆ ಯಾರೂ ಏನೂ ಮಾಡುವಂತಿಲ್ಲ. ನಾನು ಸಾಯುವವರೆಗೂ ಇದನ್ನೇ ಹೇಳುತ್ತೇನೆ, ನೀನು ಮುದುಕಿಯಾಗುವವರೆಗೂ ಇದನ್ನೇ ಕೇಳಿಸಿಕೊಳ್ಳಬೇಕು.

ಬೇಗ ಬಾ. ಒಲೆ ಆರಿಸಿಲ್ಲ.

ನಿನ್ನ ಅವ್ವ,
ಉಮ್ಸುನೈ

ಮರೆತ ಮಾತು: ಕಾಗದ ಮಡಿಸಿದವಳು ಮತ್ತೆ ಬಿಚ್ಚಿದ್ದೇನೆ. ಆ ಹೆಸರನ್ನು ಬರೆಯುವುದಿಲ್ಲ ಎಂದಿದ್ದೆ. ತಿಳಿಯದೆ ನೀನು ಹಟ ಮಾಡಬಾರದು, ಅದಕ್ಕೆ ಬರೆಯುತ್ತೇನೆ. ತಾನ್‌ಸುಲು, ನಸುಕಿನ ಚೆಲುವೆ. ಆ ದೊಡ್ಡಿಯಲ್ಲಿ ನಿನ್ನ ಅಕ್ಕ ಹುಟ್ಟಿದಾಗ ನಾನು ಅವಳ ಕಿವಿಯಲ್ಲಿ ಒಂದೇ ಸಲ ಹೇಳಿದ ಹೆಸರು. ಆಮೇಲೆ ಯಾರಿಗೂ ಹೇಳಿಲ್ಲ. ನಿನ್ನ ಅಪ್ಪನಿಗೂ, ಅಜ್ಜಿಗೂ ಹೇಳಿಲ್ಲ. ಹೆಸರಿಲ್ಲದ ಮಗು ಎಂದೇ ಮಣ್ಣು ಮಾಡಿದರು. ಅದನ್ನು ಕೇಳಿಸಿಕೊಂಡವಳು ಬಾಗಿಲಲ್ಲಿ ನಿಂತಿದ್ದವಳು ಒಬ್ಬಳೇ.

ನಿನ್ನ ಚಿತ್ರಗಳನ್ನೆಲ್ಲ ಇವತ್ತು ಬೆಳಿಗ್ಗೆ ಒಲೆಗೆ ಹಾಕಿದೆ, ಕೋಪ ಮಾಡಿಕೊಳ್ಳಬೇಡ. ಬಿಳಿ ಉಡುಪಿನ ಚಿತ್ರವನ್ನು ಹಾಕಲು ಮಾತ್ರ ಕೈ ಬರಲಿಲ್ಲ. ಅದು ನಿನ್ನದಲ್ಲ. ನನ್ನ ದಿಂಬಿನ ಕೆಳಗಿದೆ. ಒಯ್ಯುವವಳು ಅವಳನ್ನು ಆಗಲೇ ಒಯ್ದಿದ್ದಾಳೆ, ಅವಳ ಬಗ್ಗೆ ಹೇಳಿದರೆ ಇನ್ನು ತಪ್ಪಿಲ್ಲ. ಎಷ್ಟು ಚೆಂದ ಬೆಳೆದಿದ್ದಾಳೆ.