ಬೋರ್ಡಿನ ಮುಂದೆ ಸೆನ್ವಾರಾ

ಫೆಬ್ರವರಿ 3, ಸೋಮವಾರ

ಐದಕ್ಕೇ ಆಫೀಸಿನಿಂದ ಕಳಚಿಕೊಂಡೆ. ಕೊಚ್ಚಿಯಿಂದ ವಲ್ಲಾರ್ಪಾಡಂ ಬಸ್ಸಿನಲ್ಲಿ ನಿಂತೇ ಪ್ರಯಾಣ. ಮೇರಿ ಟೀಚರ್ ಮನೆಯ ಮಹಡಿಯ ಟ್ಯೂಷನ್ನಿಗೆ ಇವತ್ತು ಆರು ಮಕ್ಕಳು, ಲೆಕ್ಕ ಹೇಳಿಕೊಡುವುದು ನಾನು. ಎಲ್ಲ ಬರ್ಮಾದಿಂದ ಓಡಿಬಂದ ರೋಹಿಂಗ್ಯಾ ಕುಟುಂಬದವರು. ಟೀಚರ್ ಕಾಸರಗೋಡಿನವರು, ರಿಟೈರ್ಡ್. ಕನ್ನಡ ಕಿವಿಗೆ ಬಿದ್ದರೆ ಮುಖ ಅರಳುತ್ತದೆ. ಆದರೆ ರೂಲ್ಸ್ ಅಂದರೆ ರೂಲ್ಸ್. ಹಾಜರಿಯಲ್ಲಿ ಹೆಸರಿಲ್ಲ, ನಂಬರ್ ಮಾತ್ರ. ಎಲ್ಲರ ಫೋನೂ ಬಾಗಿಲ ಬಳಿಯ ಬುಟ್ಟಿಗೆ. ನನಗೊಬ್ಬಳಿಗೆ ವಿನಾಯಿತಿ — ಆಫೀಸಿನ ಆನ್‌ಕಾಲ್ ಡ್ಯೂಟಿ ಇದೆಯಲ್ಲ.

ನಾಲ್ಕನೇ ನಂಬರ್ ಸೆನ್ವಾರಾ. ಹತ್ತನೇ ಕ್ಲಾಸ್. ಇನ್ನೊಂದು ತಿಂಗಳಿಗೆ ಪರೀಕ್ಷೆ. ವರ್ಗಸಮೀಕರಣ ಬಿಡಿಸಿ ಬಿಸಾಕಿ, ಮಲಯಾಳದಲ್ಲಿ "ಇನ್ನೂ ಕಷ್ಟದ್ದು ಕೊಡಿ ಟೀಚರೇ" ಅಂತಾಳೆ. ಕೊಬ್ಬು ನೋಡು! ಇಷ್ಟ ನನಗೆ ಈ ಹುಡುಗಿ.

ಫೆಬ್ರವರಿ 5

ಕಂಪನಿ ಪೋರ್ಟಲ್‌ನಲ್ಲಿ ಸಮಾಜಸೇವೆಯ ಗಂಟೆ ತುಂಬಬೇಕು. ಲೊಕೇಶನ್ ಸಮೇತ ಫೋಟೋ ಇಲ್ಲದಿದ್ದರೆ ಒಪ್ಪುವುದಿಲ್ಲವಂತೆ. ಸೆನ್ವಾರಾ ಬೋರ್ಡಿನ ಮುಂದೆ ಲೆಕ್ಕ ಮಾಡುತ್ತಿದ್ದಳು. ಬೆನ್ನು, ಅರ್ಧ ಕೆನ್ನೆ, ಅಷ್ಟೇ. ತೆಗೆದೆ. ಯಾರೂ ನೋಡಲಿಲ್ಲ. ಪೋರ್ಟಲ್ ಒಳಗೆ ಯಾರು ಇಣುಕುತ್ತಾರೆ... ಎಂಟು ಗಂಟೆ ಜಮಾ ಆಯಿತು.

ಫೆಬ್ರವರಿ 11

ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಕಂಪನಿಯ ಪೇಜಿನಲ್ಲಿ ಅದೇ ಫೋಟೋ! 'ವಲ್ಲಾರ್ಪಾಡಂನ ರೋಹಿಂಗ್ಯಾ ಹುಡುಗಿಯರಿಗೆ ನಮ್ಮ ಶ್ರದ್ಧಾಳಿಂದ ಪಾಠ' ಅಂತ, ಪಕ್ಕದಲ್ಲೊಂದು ಕೆಂಪು ಹೃದಯ. ಹಾಕಿದ್ದು ಹೃಷಿಕೇಶ್ — ಕಂಪನಿಯ ಸಮಾಜಸೇವೆ, ಅಂದರೆ ಸಿಎಸ್‌ಆರ್, ನೋಡಿಕೊಳ್ಳುವ ಮೈಸೂರಿನವ. ಅವನ ಡೆಸ್ಕಿಗೆ ಓಡಿದೆ.

"ಯಾಕೇ? ಒಂಬೈನೂರು ಲೈಕ್ಸ್ ಬಂದಿದೆ ಕಣೇ!"

"ತೆಗಿ ಅಂದ್ರೆ ತೆಗಿ!"

ತೆಗೆದ. ಆದರೆ ಮೂರು ದಿನದಿಂದ ಅಲ್ಲೇ ಇತ್ತು. ಯಾರೋ ಸ್ಕ್ರೀನ್‌ಶಾಟ್ ಹೊಡೆದು ಊರಿನ ಗುಂಪುಗಳಿಗೆಲ್ಲ ಕಳಿಸಿದ್ದಾರೆ. ಕಂಪನಿಯ ಹೆಸರು, ನನ್ನ ಹೆಸರು ಕತ್ತರಿಸಿ ಹೋಗಿದೆ. ಊರಿನ ಹೆಸರು ಮಾತ್ರ ಹಾಗೇ ಇದೆ.

ಫೆಬ್ರವರಿ 14, ಸಂಜೆ 6

ಕ್ಲಾಸ್ ಬಂದ್. ನಿನ್ನೆ ಇಬ್ಬರು ಪೊಲೀಸರು ಬಂದಿದ್ದರಂತೆ. ಈ ಮಕ್ಕಳನ್ನು ಇಲ್ಲಿ ಸೇರಿಸುವವರು ಯಾರು, ಹಿಂದೆ ಯಾವ ಗ್ಯಾಂಗ್ ಇದೆ, ಫೋಟೋ ಹಾಕಿದ್ದು ಯಾರು... ಸೆನ್ವಾರಾಳ ಅಪ್ಪ ಫೋರ್ಟ್ ಕೊಚ್ಚಿಯ ಐಸ್ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಾನೆ. ಎಲ್ಲರ ಕಾರ್ಡು ನೋಡಿ ಅವನೊಬ್ಬನನ್ನು ಸ್ಟೇಷನ್ನಿಗೆ ಕರೆಸಿದ್ದಾರೆ. ಮನೆಯವರೆಲ್ಲರ ನಿರಾಶ್ರಿತ ಕಾರ್ಡಿನ ಅವಧಿ ಡಿಸೆಂಬರಿಗೇ ಮುಗಿದಿದೆ, ಹೊಸದು ದಿಲ್ಲಿಯಿಂದ ಬರಬೇಕು.

ಟೀಚರ್ ಎಲ್ಲರನ್ನೂ ಕೂರಿಸಿ ಕೇಳಿದರು. ಅವರದು ಬಟನ್ ಫೋನ್, ಫೋಟೋ ಕಣ್ಣಲ್ಲಿ ಕಂಡಿಲ್ಲ. ಬೋರ್ಡಿನ ಮುಂದೆ ಒಬ್ಬಳು ಹುಡುಗಿ ಅಂತ ಪೊಲೀಸರು ಹೇಳಿದ್ದಷ್ಟೇ ಗೊತ್ತು.

ಸೆನ್ವಾರಾ ಅಳುತ್ತ ಎದ್ದು ನಿಂತಳು. ಕಳೆದ ತಿಂಗಳು ಅಪ್ಪನ ಫೋನ್ ಕದ್ದು ತಂದು ಬೋರ್ಡಿನ ಮುಂದೆ ಒಂದು ಫೋಟೋ ತೆಗೆಸಿಕೊಂಡಿದ್ದಳಂತೆ. ಸ್ಟೇಟಸ್ ಹಾಕಿದ್ದಳಂತೆ. ಪೊಲೀಸರು ಹೇಳುವುದು ಅದನ್ನೇ ಅಂದುಕೊಂಡಿದ್ದಾಳೆ.

"ಎಂತ ಮಾಡಿಬಿಟ್ಟಿ ಮೋಳೇ! ನಿನ್ನ ಅಪ್ಪನ ತಲೆ ಮೇಲೆ ನೀನೇ ಕಲ್ಲು ಹಾಕಿದ್ದಲ್ವಾ?" ಟೀಚರ್ ಇಷ್ಟು ಬೈದದ್ದು ನಾನು ಕಂಡಿಲ್ಲ.

ನಾನು ಗೋಡೆ ನೋಡುತ್ತ ಕೂತಿದ್ದೆ.

ಫೆಬ್ರವರಿ 17

ಹೃಷಿಕೇಶ್ ಕಾಫಿಗೆ ಕರೆದ. "ಕಂಪನಿ ಹೆಸರು ಎಲ್ಲೂ ಬರಬಾರದು ಅಂತ ಮೇಲಿನವರು ಹೇಳಿದ್ದಾರೆ. ಏಪ್ರಿಲ್‌ನಲ್ಲಿ ನಿನ್ನ ಕೆಲಸದ ಕನ್ಫರ್ಮೇಶನ್ ಅಲ್ವಾ? ಸುಮ್ನೆ ಇರು." ಸುಮ್ಮನೇ ಇದ್ದೇನಲ್ಲ. ಬಾಗಿಲ ಬೆಲ್ ಆದರೆ ಮೊದಲು ಕಿಟಕಿಯಿಂದ ಇಣುಕಿ ನೋಡುತ್ತೇನೆ. ಹಾಲಿನವನಿಗೂ ಹೆದರುತ್ತಿದ್ದೇನೆ.

ಫೆಬ್ರವರಿ 22, ಶನಿವಾರ

ಸೆನ್ವಾರಾಳ ಅಪ್ಪನನ್ನು ಒಳಗೆ ಹಾಕಿ ನಾಲ್ಕು ದಿನ. ಬೆಳಿಗ್ಗೆ ಟೀಚರ್ ಜೊತೆ ರೈಲು ಹತ್ತಿ ತಿರುವನಂತಪುರಕ್ಕೆ ಹೋದೆ. ಅಲ್ಲಿನ ಪಟ್ಟಂ ಬಡಾವಣೆಯಲ್ಲಿ ವಕೀಲೆ ಸುಮಿತ್ರ ಅವರ ಫ್ಲಾಟ್. ಅವರು ಹೇಳಿದ್ದು ಸರಳ. ಫೋಟೋ ಹಾಕಿದವರು ಮುಂದೆ ಬಂದು, ಇದು ಬರೀ ಟ್ಯೂಷನ್, ಗ್ಯಾಂಗೂ ಇಲ್ಲ ಗೀಂಗೂ ಇಲ್ಲ ಅಂತ ಬರೆದುಕೊಟ್ಟರೆ ಕೇಸು ಅರ್ಧ ಹಗುರ. ಮಗಳ ಮಾತು ನಡೆಯದು, ಅಪ್ಪನನ್ನು ಉಳಿಸಲು ಹೇಳುತ್ತಾಳೆ ಅಂತಾರೆ ಪೊಲೀಸರು.

ಆಗ ಹೇಳಬಹುದಿತ್ತು. ಬಾಯಿ ತೆರೆದೆ ಕೂಡ. "ಬಾತ್‌ರೂಮ್ ಎಲ್ಲಿ?" ಅಂದೆ. ಥೂ.

ವಾಪಸ್ ಬರುವಾಗ ಟೀಚರ್ ಪಳಂಪೊರಿ, ಅದೇ ಬಾಳೆಹಣ್ಣಿನ ಬಜ್ಜಿ, ಮುರಿದು ಅರ್ಧ ನನ್ನ ಕೈಗಿಟ್ಟರು. "ನೀನು ಒಟ್ಟಿಗೆ ಇದ್ದದ್ದು ದೊಡ್ಡ ಧೈರ್ಯ ಮಾರಾಯ್ತಿ ನಂಗೆ." ಕಾಗದದಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡೆ.

ಮಾರ್ಚ್ 1, ಶನಿವಾರ

ಸೆನ್ವಾರಾ ಫೋನ್ ಮಾಡಿದಳು. ನಾಳೆ ಸ್ಟೇಷನ್ನಿಗೆ ಹೋಗಿ ಫೋಟೋ ಹಾಕಿದ್ದು ತಾನೇ ಅಂತ ಹೇಳುತ್ತಾಳಂತೆ. ನಡೆಯುವುದಿಲ್ಲ ಅಂದೆ. ಕೇಳುತ್ತಿಲ್ಲ.

"ಟೀಚರೇ, ನೀವೂ ಬರ್ತೀರಾ? ಒಬ್ಬಳೇ ಹೋಗೋಕೆ ಭಯ."

ನಾಡಿದ್ದು ಪರೀಕ್ಷೆ. ಅವಳ ಕಾರ್ಡೂ ಮುಗಿದದ್ದೇ. ಹೋದವಳನ್ನು ಅಲ್ಲೇ ಕೂರಿಸಿಕೊಂಡರೆ? ಬರುತ್ತೇನೆ ಅಂದೆ. ದೇವರೇ, ನನಗೆ ಅವಳಿಗಿಂತ ಹೆಚ್ಚು ಭಯ.

ಮಾರ್ಚ್ 2, ಬೆಳಿಗ್ಗೆ 10.20

ಸ್ಟೇಷನ್ ವರಾಂಡದ ಬೆಂಚು. ಸುಮ್ಮನೆ ಕೂರಲಾಗದೆ ಬರೆಯುತ್ತಿದ್ದೇನೆ.

ಅವಳು ನನ್ನ ಕೈ ಬಿಗಿಯಾಗಿ ಹಿಡಿದು ಕೂತಿದ್ದಳು. ಹೇಳಿಬಿಟ್ಟೆ. ನನ್ನ ಫೋನು, ನಾನು ತೆಗೆದದ್ದು, ನಾನೇ ಕಳಿಸಿದ್ದು. ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ.

"ಮೇರಿ ಟೀಚರ್ ನನಗೆ ಬೈಯುವಾಗ ನೀವು ಅಲ್ಲೇ ಇದ್ರಲ್ಲ?"

ಹೌದು ಅಂದೆ. ಕೈ ಬಿಡಿಸಿಕೊಂಡು ಬೆಂಚಿನ ಆ ತುದಿಗೆ ಸರಿದಳು.

ನೀನು ಮನೆಗೆ ಹೋಗಿ ಓದಿಕೋ, ಒಳಗೆ ನಾನು ಹೇಳುತ್ತೇನೆ ಅಂದೆ. ಏಳಲಿಲ್ಲ.

"ನೀವು ಹೇಳಿದ್ದು ನನ್ನ ಕಿವಿಯಿಂದ ಕೇಳಿಯೇ ಹೋಗೋದು."

ಪೊಲೀಸ್ ಬಾಗಿಲಿಗೆ ಬಂದ. ಫೋಟೋ ವಿಷಯಕ್ಕೆ ಬಂದವರು ಯಾರು ಅಂತ ಕೇಳುತ್ತಿದ್ದಾನೆ. ಅವಳು ನನ್ನನ್ನೇ ನೋಡುತ್ತಿದ್ದಾಳೆ. ನಾನು ಎದ್ದು ನಿಂತು, "ನಾನೇ" ಅಂದೆ. ಉಳಿದದ್ದು ಒಳಗೆ ಹೋಗಿ ಬಂದ ಮೇಲೆ ಬರೆಯುತ್ತೇನೆ.