ಸಲಗ ಬಿದ್ದ ಮಗ್ಗುಲು

ಬುಂಗುಲೆ, ಕಸಿಗಾವು ಬೆಟ್ಟದ ಬುಡ
ಜನವರಿ ೨೫, ಗುರುವಾರ

ಪ್ರೀತಿಯ ವಾವಾಸಿಯ ಅಪ್ಪಾ,

ಮೊದಲು ನಮಸ್ಕಾರ, ಜಗಳ ಆಮೇಲೆ. ನಿಮ್ಮ ಸೊಂಟ ಹೇಗಿದೆ? ಗಾಡಿಯ ಹಿಂದಿನ ಸೀಟಿನಲ್ಲಿ ಮುದುಡಿಕೊಂಡು ಮಲಗಬೇಡಿ ಅಂತ ಹೇಳಿ ಕಳಿಸಿದ್ದೆ, ನೀವು ಅಲ್ಲೇ ಮಲಗುತ್ತಿದ್ದೀರಿ ಅಂತ ನನಗೆ ಗೊತ್ತು. ಕೆಮ್ಮಿಗೆ ಅಂತ ಕೊಟ್ಟ ಜೇನುತುಪ್ಪ ನಿಮ್ಮ ಗಂಟಲಿಗೆ ಇಳಿಯಿತೋ ಇಲ್ಲ ಯಾವುದಾದರೂ ಜಿರಾಫೆಯ ಗಾಯಕ್ಕೆ ಸವರಿ ಮುಗಿಸಿದಿರೋ? ಇಲ್ಲಿ ನಾವು ಚೆನ್ನಾಗಿದ್ದೇವೆ. ವಾವಾಸಿಗೆ ಮುಂದಿನ ಎರಡು ಹಲ್ಲು ಬಿದ್ದಿವೆ. ಅಪ್ಪ ಬರುವವರೆಗೆ ಬಿಸಾಡಬಾರದು ಅಂತ ಬೆಂಕಿಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಾಳೆ. ಅತ್ತೆಯ ಮಂಡಿ ನೋವು ಹಾಗೇ ಇದೆ, ಬಾಯಿಗೆ ಮಾತ್ರ ಏನೂ ಆಗಿಲ್ಲ.

ಹೊಸ ವರ್ಷದ ಮಾರನೇ ದಿನ "ಹತ್ತೇ ದಿನ ಕಣೇ" ಅಂತ ಹೇಳಿ ಹೋದವರು ನೀವು. ಇವತ್ತಿಗೆ ಇಪ್ಪತ್ಮೂರು ದಿನ. ಹೋಗುವಾಗ ಸೂಜಿ ಕತ್ತರಿ ಕುದಿಸೋಕೆ ಅಂತ ನನ್ನ ದೊಡ್ಡ ಪಾತ್ರೆಯನ್ನೂ ಎತ್ತಿಕೊಂಡು ಹೋದಿರಿ. ಮದುವೆಯಲ್ಲಿ ನನ್ನ ಅಮ್ಮ ಕೊಟ್ಟ ಪಾತ್ರೆ ಅದು. ಈಗ ಅದರಲ್ಲಿ ಏನೇನು ಕುದಿಯುತ್ತಿದೆಯೋ ದೇವರಿಗೇ ಗೊತ್ತು, ನಾನಂತೂ ಕೇಳುವುದಿಲ್ಲ. ನೀವಿರುವ ಕಡೆ ಫೋನ್ ಸಿಗುವುದಿಲ್ಲ, ರೇಡಿಯೋದಲ್ಲಿ ಮಾತಾಡಬಹುದಿತ್ತಲ್ಲ ಅನ್ನಬೇಡಿ. ಇಲ್ಲಿಂದ ಉತ್ತರದ ಗಡಿಯವರೆಗಿನ ಕಾವಲುಗಾರರೆಲ್ಲ ಕಿವಿ ಕೊಟ್ಟು ಕೂತಿರುವಾಗ ಹೆಂಡತಿಯಾದವಳು ಗಂಡನಿಗೆ ಏನು ಹೇಳೋಕಾಗುತ್ತೆ? ನಾಳೆ ಮದ್ದು ಹೊತ್ತ ಲಾರಿ ನಿಮ್ಮ ಕಡೆ ಹೊರಡುತ್ತದಂತೆ, ಅದರ ಚಾಲಕನ ಕೈಗೆ ಈ ಕಾಗದ ಕೊಡುತ್ತೇನೆ.

ಹೋದ ಗುರುವಾರ ಬೆಳಿಗ್ಗೆ ನಾನು ಶಾಲೆಯ ಮಕ್ಕಳಿಗೆ ಗಂಜಿ ಇಡೋಕೆ ಹೊರಟಿದ್ದೆ. ಜಿಗೆಯ ಅಮ್ಮ ಖಾಲಿ ಕ್ಯಾನು ಬಡಿಯುತ್ತಾ ಅಂಗಳಕ್ಕೆ ಬಂದಳು. ಬಾಯಿ ತುಂಬ ನಗು, ಒಳ್ಳೆಯ ನಗು ಅಲ್ಲ. "ಮ್ಘೋಯೀ, ನಿನ್ನ ಗಂಡನ ನೆಂಟ ಬಂದಿದ್ದಾನೆ ನೋಡು. ನೀರಿನ ತೊಟ್ಟಿ ಹತ್ರ ನಿಂತು ಡಾಕ್ಟ್ರು ಎಲ್ಲಿ ಅಂತ ಕೇಳ್ತಿದ್ದಾನೆ" ಅಂದಳು. ಹೋಗಿ ನೋಡಿದರೆ ಒಂಟಿಸಲಗ. ಸಣ್ಣದಲ್ಲ, ದಂತ ನೆಲ ಗೀರುವಷ್ಟು ಉದ್ದ. ಎಡ ಮಗ್ಗುಲಲ್ಲಿ, ಮುಂಗಾಲಿನ ಹಿಂದೆ, ಈಟಿ ಹೊಕ್ಕಂಥ ತೂತು. ಅದರಿಂದ ಕೀವು ಕಾಲಿನವರೆಗೂ ಸುರಿದು ಒಣಗಿತ್ತು. ನೂರು ಹೆಜ್ಜೆ ದೂರದಲ್ಲಿ ನಿಂತರೂ ವಾಸನೆ ಹೊಡೆಯುತ್ತಿತ್ತು. ಅದು ತೊಟ್ಟಿಯೊಳಗೆ ಸೊಂಡಿಲು ಇಳಿಬಿಟ್ಟು ಸುಮ್ಮನೆ ನಿಂತಿತ್ತು, ಕುಡಿಯುತ್ತಲೂ ಇರಲಿಲ್ಲ.

ಊರಿನವರೆಲ್ಲ ನೀರು ತುಂಬಿಕೊಳ್ಳೋಕಾಗದೆ ಖಾಲಿ ಕ್ಯಾನು ಹಿಡಿದು ನನ್ನ ಮುಖ ನೋಡಿದರು. ಆ ಆನೆಯನ್ನು ನಾನೇ ಹೆತ್ತೆ ಅನ್ನೋ ಹಾಗೆ! ನನಗೇನು ಬರುತ್ತೆ? ನಾನು ಶಾಲೆಯಲ್ಲಿ ಗಂಜಿ ಬೇಯಿಸುವವಳು. "ನಿಮ್ಮನೇಲಿ ಮದ್ದು ಇಟ್ಟಿರ್ತಾರಲ್ಲ, ತಗೊಂಬಾ" ಅಂತ ಒಬ್ಬ. "ಬೆಂಕಿ ಹಚ್ಚಿ ಓಡಿಸೋಣ" ಅಂತ ಇನ್ನೊಬ್ಬ. "ಓಡಿಸೋದೇನು, ಇನ್ನೊಂದು ಈಟಿ ಹಾಕಿ ಮುಗಿಸಿಬಿಡೋಣ, ಅದಕ್ಕೂ ನೆಮ್ಮದಿ ನಮಗೂ ನೆಮ್ಮದಿ" ಅಂತ ಮೂರನೆಯವನು. ಜಿಗೆಯ ಅಮ್ಮನಂತೂ ಎರಡು ವರ್ಷದ ಹಿಂದಿನ ಆಡಿನ ಕಥೆ ತೆಗೆದಳು. "ನನ್ನ ಆಡು ಹೊಟ್ಟೆ ಉಬ್ಬರಿಸ್ಕೊಂಡು ಸಾಯ್ತಿದ್ದಾಗ ನಿನ್ನ ಗಂಡ ಏನಂದ್ರು? ಇದು ಕಾಡುಪ್ರಾಣಿಗಳ ಗಾಡಿ ತಾಯಿ ಅಂದ್ರು. ಆನೆಗೆ ಗಾಡಿ, ಆನೆಗೆ ವಿಮಾನ, ನನ್ನ ಆಡಿಗೆ ಬೆನ್ನು ತಟ್ಟಿ ಸಮಾಧಾನ!" ಅವಳು ಹೇಳಿದ್ದರಲ್ಲಿ ಸುಳ್ಳೇನಿತ್ತು? ನೀವು ಬಂದ ಮೇಲೆ ನೀವೇ ಅವಳಿಗೆ ಉತ್ತರ ಕೊಡಿ, ನಾನು ಪಕ್ಕದಲ್ಲಿ ನಿಂತು ಕೇಳುತ್ತೇನೆ.

ಕಡೆಗೆ ನ್ಯಾಂಗೆ ತಾತ ಕೋಲು ಎತ್ತಿ ಎಲ್ಲರ ಬಾಯಿ ಮುಚ್ಚಿಸಿದರು. ಹರೆಯದಲ್ಲಿ ಬೇಟೆಯಾಡಿದವರು, ಈಗಲೂ ಹೆಜ್ಜೆಗುರುತು ನೋಡಿಯೇ ಪ್ರಾಣಿಯ ವಯಸ್ಸು ಹೇಳುತ್ತಾರೆ. "ಇದು ಸಾಯೋಕೆ ಬಂದಿಲ್ಲ, ಸಾಯೋದಾಗಿದ್ರೆ ಕಾಡಲ್ಲೇ ಸಾಯ್ತಿತ್ತು. ಡಾಕ್ಟ್ರ ಹೆಂಡ್ತಿ ಫೋನ್ ಮಾಡ್ಲಿ, ಎರಡು ದಿನ ನೋಡೋಣ. ಆಮೇಲೆ ನಿಮ್ಮಿಷ್ಟ" ಅಂದರು. ಎರಡು ದಿನ ಮನೆಗಳಿಗೆ ಶಾಲೆಯ ಮಳೆನೀರಿನ ಟ್ಯಾಂಕಿನಿಂದ ನೀರು ಕೊಡುತ್ತೇನೆ ಅಂತ ನಾನು ಮಾತು ಕೊಟ್ಟುಬಿಟ್ಟೆ. ಹೆಡ್ ಮೇಷ್ಟ್ರನ್ನ ಕೇಳದೆ ಕೊಟ್ಟ ಮಾತು. ಅವರು ಇವತ್ತಿಗೂ ನನ್ನ ಜೊತೆ ಮಾತಾಡುತ್ತಿಲ್ಲ.

ಸಿಗ್ನಲ್ ಸಿಗೋ ಬಂಡೆಯವರೆಗೆ ಬೆಟ್ಟ ಹತ್ತಿ ನಿಮ್ಮ ಕಚೇರಿಗೆ ಫೋನ್ ಮಾಡಿದೆ. ಎತ್ತಿದವನು ಹೊಸಬ ಇರಬೇಕು. ಅಕ್ಷಾಂಶ ರೇಖಾಂಶ ಹೇಳಿ ಅಂದ. "ತೊಟ್ಟಿ ಹತ್ರ ಇದೆ, ಬುಂಗುಲೆ ತೊಟ್ಟಿ, ಒಂದೇ ತೊಟ್ಟಿ ಇರೋದು" ಅಂದೆ. ಪ್ರಾಣಿಗೆ ಗುರುತಿನ ಸಂಖ್ಯೆ ಇದೆಯಾ ಅಂದ. "ಹತ್ರ ಹೋಗಿ ಕೇಳ್ತೀನಿ, ಲೈನಲ್ಲೇ ಇರಪ್ಪಾ" ಅಂದೆ. ಆಮೇಲೆ ನಿಮ್ಮ ಹೆಸರು ಹೇಳಿದ ಮೇಲೆ ಅವನ ದನಿ ಮೆತ್ತಗಾಯಿತು. ಈ ಭಾಗಕ್ಕೆ ಇರೋ ಒಂದು ಗಾಡಿ ನಿಮ್ಮ ಜೊತೆ ಉತ್ತರದಲ್ಲಿದೆ, ಇನ್ನೊಂದು ಗಾಡಿ ಪಶ್ಚಿಮದಿಂದ ಬರಬೇಕು, ಶನಿವಾರ ಬರುತ್ತೆ, ಅಲ್ಲಿಯವರೆಗೆ ಆನೆ ಕಣ್ಣಿಗೆ ಬೀಳೋ ಹಾಗೆ ನೋಡ್ಕೊಳ್ಳಿ ಅಂದ. ನೋಡ್ಕೊಳ್ಳೋದಂತೆ! ಆಡುಮರಿಯೇ ಅದು, ಗೂಟಕ್ಕೆ ಕಟ್ಟೋಕೆ?

ಆದರೂ ನೋಡಿಕೊಂಡೆವು. ಅದು ಮುಳ್ಳುಮರದ ನೆರಳಿಗೆ ಹೋದರೆ ನಾನೂ ತಾತನೂ ಗಾಳಿಯ ದಿಕ್ಕು ನೋಡಿಕೊಂಡು ಹಿಂದೆ ಹೋಗೋದು, ಅದು ಮತ್ತೆ ತೊಟ್ಟಿಗೆ ಬಂದರೆ ನಾವೂ ವಾಪಸ್ ಬರೋದು. ಶುಕ್ರವಾರ ಮಧ್ಯಾಹ್ನ ಅದು ಮಣ್ಣನ್ನು ಸೊಂಡಿಲಲ್ಲಿ ಎತ್ತಿ ಎತ್ತಿ ಆ ತೂತಿಗೆ ಎರಚಿಕೊಳ್ಳುತ್ತಿತ್ತು. ಎಟುಕುತ್ತಿರಲಿಲ್ಲ, ಮತ್ತೆ ಎರಚುತ್ತಿತ್ತು. ನನಗೆ ಕೋಪ ಬಂತು ರೀ. ಆನೆಯ ಮೇಲಲ್ಲ, ನಿಮ್ಮ ಮೇಲೆ. ಲೋಕದ ಪ್ರಾಣಿಗಳ ಗಾಯ ತೊಳೆಯೋ ಮನುಷ್ಯ, ನಮ್ಮ ಬಾಗಿಲಿಗೇ ಒಂದು ಬಂದು ನಿಂತಾಗ ಎಲ್ಲಿದ್ದೀರಿ?

ಶನಿವಾರ ಹತ್ತು ಗಂಟೆಗೆ ಗಾಡಿ ಬಂತು. ಇಳಿದವಳು ನಸಿಯೇಕು ಅಂತ, ಸಂಬುರು ಕಡೆಯ ಹುಡುಗಿ, ನನ್ನ ತೋಳಿನಷ್ಟು ತೆಳ್ಳಗಿದ್ದಾಳೆ. ಜೊತೆಗೆ ಇಬ್ಬರು ಗಂಡಸರು. ಜಿಗೆಯ ಅಮ್ಮ "ಡಾಕ್ಟ್ರು ಎಲ್ಲಮ್ಮಾ?" ಅಂತ ಅವಳನ್ನೇ ಕೇಳಿದಳು. "ಅವರು ದಾರೀಲಿ ಗಾಡಿ ತಳ್ಳಿ ತಳ್ಳಿ ಸುಸ್ತಾಗಿದ್ದಾರೆ. ಸದ್ಯಕ್ಕೆ ನನ್ನಲ್ಲೇ ಸುಧಾರಿಸ್ಕೊಳ್ಳಿ" ಅಂದಳು ಹುಡುಗಿ, ಡಾಕ್ಟ್ರು ಅವಳೇ. ಬ್ಯಾಟರಿ ಸತ್ತಿತ್ತಂತೆ. ಎಳೆಯೋ ಯಂತ್ರದ ತಂತಿಯೂ ಹಿಂದಿನ ವಾರವೇ ಕಿತ್ತುಹೋಗಿತ್ತಂತೆ. ನಿಮ್ಮ ಇಲಾಖೆಯ ಗಾಡಿಗಳೆಲ್ಲ ಒಂದೇ ತಾಯಿಯ ಮಕ್ಕಳು.

ಅರಿವಳಿಕೆಯ ಸೂಜಿಬಾಣ ಸರಿಯಾಗಿ ತೊಡೆಗೇ ಹೊಡೆದಳು. ಆನೆ ಶಾಲೆಯ ಆಟದ ಬಯಲಿನವರೆಗೂ ನಡೆದು, ನಿಂತು, ತೂಗಿ, ಬಿತ್ತು. ಬಿದ್ದದ್ದು ಎಡ ಮಗ್ಗುಲಿಗೆ! ಗಾಯ ಕೆಳಗೆ ಹೋಯಿತು. ನಸಿಯೇಕು ಏನೋ ಅವಳ ಭಾಷೆಯಲ್ಲಿ ಅಂದಳು, ಒಳ್ಳೆ ಮಾತು ಅಲ್ಲ ಅಂತ ಮುಖ ನೋಡಿದರೇ ತಿಳಿಯುತ್ತಿತ್ತು. ಕಾಲಿಗೆ ಹಗ್ಗ ಕಟ್ಟಿ ಗಾಡಿಗೆ ಬಿಗಿದರು. ಚಕ್ರ ಮರಳಲ್ಲಿ ಗಿರ್ರನೆ ತಿರುಗಿತೇ ಹೊರತು ಆನೆ ಒಂದು ಬೆರಳಷ್ಟೂ ಅಲುಗಲಿಲ್ಲ. ಬೇಲಿಯಾಚೆ ಇಡೀ ಊರು ನಿಂತು ನೋಡುತ್ತಿತ್ತು. "ಇಪ್ಪತ್ತು ನಿಮಿಷದಲ್ಲಿ ತಿರುಗಿಸ್ಲಿಲ್ಲ ಅಂದ್ರೆ ಹಾಗೇ ಎಬ್ಬಿಸಿ ಕಳಿಸ್ಬೇಕು, ಇನ್ನೊಂದ್ಸಲ ಮದ್ದು ತಡ್ಕೊಳೋ ಶಕ್ತಿ ಇದಕ್ಕಿಲ್ಲ" ಅಂದಳು ನಸಿಯೇಕು.

ಆಗ ನನಗೆ ಏನಾಯಿತೋ. ಬೇಲಿಯ ಹತ್ತಿರ ಹೋಗಿ ಬಾಯಿಗೆ ಬಂದ ಹಾಗೆ ಬೈದೆ. "ಮೂರು ದಿನದಿಂದ ಈಟಿ, ಬೆಂಕಿ ಅಂತ ಕುಣೀತಿದ್ರಲ್ಲ, ಹಗ್ಗ ಹಿಡಿಯೋಕೆ ಯಾರ ಕೈಗೂ ಶಕ್ತಿ ಇಲ್ವಾ? ಇದು ಇಲ್ಲೇ ಸತ್ತರೆ ಕೊಳೆಯೋದು ನಿಮ್ಮ ಮಕ್ಕಳು ಆಡೋ ಬಯಲಲ್ಲಿ, ವಾಸನೆ ಕುಡಿಯೋದು ನೀವೇ!" ಮೊದಲು ಬೇಲಿ ಹಾರಿ ಬಂದವನು ನಿಮ್ಮ ತಮ್ಮ ಮ್ವಂಬೇಲ. ಅವನ ಹಿಂದೆ ಇನ್ನಿಬ್ಬರು, ಆಮೇಲೆ ಜಿಗೆಯ ಅಮ್ಮ ಉಟ್ಟ ಬಟ್ಟೆಯನ್ನು ಸೊಂಟಕ್ಕೆ ಬಿಗಿದುಕೊಂಡು ಬಂದಳು, ಆಮೇಲೆ ಎಣಿಸಲಿಲ್ಲ. ತಾತ ಕೋಲು ನೆಲಕ್ಕೆ ಕುಟ್ಟಿ ಬಾವಿ ತೋಡುವಾಗಿನ ಹಾಡು ಎತ್ತಿದರು. ಒಂದು ಸಲ, ಎರಡು ಸಲ, ಮೂರನೇ ಸಲಕ್ಕೆ ಗಾಡಿಯೂ ಜನವೂ ಒಟ್ಟಿಗೆ ಎಳೆದಾಗ ಬೆಟ್ಟ ಮಗುಚಿದ ಹಾಗೆ ಅದು ಮಗುಚಿಕೊಂಡಿತು. ಜನ ಹೋ ಅಂದರು. ಜಿಗೆಯ ಅಮ್ಮ ಕುಂಡೆ ಊರಿ ಬಿದ್ದಿದ್ದಳು, ಬಿದ್ದಲ್ಲೇ ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದಳು.

ನನಗೆ ಕೊಟ್ಟ ಕೆಲಸ ಸೊಂಡಿಲಿನದು. ತುದಿ ಮುಚ್ಚಿಕೊಳ್ಳದ ಹಾಗೆ ಒಂದು ಕಡ್ಡಿ ಅಡ್ಡ ಇಟ್ಟು, ಉಸಿರು ಎಣಿಸಬೇಕು, ನಿಮಿಷಕ್ಕೆ ನಾಲ್ಕಕ್ಕಿಂತ ಕಡಿಮೆಯಾದರೆ ಕೂಗಬೇಕು. ಕಣ್ಣಿನ ಮೇಲೆ ಅದರದೇ ಕಿವಿ ಮಡಚಿ ಹಾಕಿದ್ದರು. ಹೆಂಗಸರು ಕಿವಿಗೆ ನೀರು ಹುಯ್ಯುತ್ತಿದ್ದರು, ಅದೇ ಶಾಲೆಯ ಟ್ಯಾಂಕಿನ ನೀರು. ಒಂದೊಂದು ಉಸಿರೂ ನನ್ನ ಮೊಣಕೈವರೆಗೆ ಬಿಸಿಯಾಗಿ ಬಂದು ಬಡಿಯುತ್ತಿತ್ತು. ಐದು. ಐದು. ನಾಲ್ಕು. ಒಂದು ಸಲ ಮೂರಕ್ಕೇ ನಿಂತಿತು. ನಾನು ಕಿರುಚಿದೆ. ನಸಿಯೇಕು ಓಡಿ ಬಂದು ಏನೋ ಚುಚ್ಚಿದಳು, "ಎಣಿಸ್ತಾ ಇರಿ ಅಕ್ಕಾ, ನಿಲ್ಲಿಸ್ಬೇಡಿ" ಅಂದಳು. ಮುಂದಿನ ಉಸಿರು ಬರುವವರೆಗೆ ನಾನೂ ಉಸಿರಾಡಲಿಲ್ಲ. ನೀವು ಮನೆಗೆ ಬಂದ ದಿನ ಊಟ ಮುಂದಿಟ್ಟುಕೊಂಡು ಮಾತಿಲ್ಲದೆ ಕೂರುತ್ತೀರಲ್ಲ, ನಾನು ರೇಗುತ್ತೇನಲ್ಲ, ಅದು ನೆನಪಾಯಿತು. ಇನ್ನು ಮೇಲೆ ರೇಗುವುದಿಲ್ಲ ಅಂತ ಮಾತ್ರ ಅಂದುಕೊಳ್ಳಬೇಡಿ.

ಗಾಯದಿಂದ ಒಂದು ಬಕೆಟ್ ಕೀವು ಬಂತು, ಅದರ ಹಿಂದೆ ನನ್ನ ಅಂಗೈಯಷ್ಟು ಉದ್ದದ ಈಟಿಯ ಮೊನೆ. ಪಕ್ಕೆಲುಬಿಗೆ ಸಿಕ್ಕಿಕೊಂಡಿತ್ತು, ಒಳಗೆ ಇಳಿದಿರಲಿಲ್ಲ. ಅದೇ ಅದರ ಪುಣ್ಯ. ತೊಳೆದು, ಮದ್ದು ಹಾಕಿ, ಮೇಲೆ ಹಸಿರು ಜೇಡಿಮಣ್ಣು ಮೆತ್ತಿದರು. ಜನರನ್ನೆಲ್ಲ ಬೇಲಿಯಾಚೆ ಅಟ್ಟಿ ಕಿವಿಯ ನರಕ್ಕೆ ಎಚ್ಚರದ ಮದ್ದು ಕೊಟ್ಟಳು. ಎರಡೇ ನಿಮಿಷ. ತಲೆ ಎತ್ತಿತು, ಕೂತಿತು, ಎದ್ದಿತು. ನಮ್ಮ ಕಡೆ ತಿರುಗಿಯೂ ನೋಡದೆ ಬೇಲಿಯ ಒಂದು ಮೂಲೆ ತುಳಿದುಕೊಂಡು ಹೋಯಿತು. ತಾತ ಅತ್ತರು, ಧೂಳು ಅಂದರು.

ಸೋಮವಾರ ಅದೇ ಮಹಾರಾಯ ಮೈಯ ಮೇಲಿನ ಹಸಿರು ಮಣ್ಣಿನ ಸಮೇತ ಬಂದು ಜಿಗೆಯ ಅಮ್ಮನ ಹೆಸರುಕಾಳಿನ ಹೊಲದಲ್ಲಿ ಅರ್ಧ ತಿಂದು ಹೋಗಿದೆ. ಅವಳು ಈಗ ದಿನವೂ ಬಂದು ನನ್ನ ಬಾಗಿಲಲ್ಲಿ ಕೂರುತ್ತಾಳೆ. "ನಾನು ಎಳೆದು ಬದುಕಿಸಿದ ಹೊಟ್ಟೆಗೆ ನಾನೇ ಬಡಿಸಿದ್ದೀನಿ, ನೋಡ್ದ್ಯಾ?" ಅನ್ನುತ್ತಾಳೆ, ಬೈಯುತ್ತಾಳೆ, ಚಹಾ ಕುಡಿದು ಹೋಗುತ್ತಾಳೆ. ಪರಿಹಾರದ ಅರ್ಜಿಯನ್ನು ನೀವೇ ಬರೆದುಕೊಡಬೇಕಂತೆ.

ಬಿಸಿಲಲ್ಲಿ ಟೋಪಿ ಇಲ್ಲದೆ ಅಲೆಯಬೇಡಿ. ಜೊತೆಯವರಿಗೆಲ್ಲ ನನ್ನ ನಮಸ್ಕಾರ ತಿಳಿಸಿ. ಅತ್ತೆ ಈ ಕಾಗದ ಮುಟ್ಟಿ ನಿಮ್ಮನ್ನು ಹರಸಿದ್ದಾರೆ. ವಾವಾಸಿ ಇಲ್ಲಿ ಕೆಳಗೆ ಒಂದು ಆನೆ ಬರೆದಿದ್ದಾಳೆ. ಐದು ಕಾಲು ಇದೆ, ಒಂದು ಸೊಂಡಿಲಂತೆ. ದೇವರು ನಿಮ್ಮನ್ನೂ ನಿಮ್ಮ ಜಿರಾಫೆಗಳನ್ನೂ ಕಾಯಲಿ.

ಜಗಳ ಮುಗಿಯದ,
ನಿಮ್ಮ ಮ್ಘೋಯಿ

ಮರೆತಿದ್ದೆ ಅಂತ ಬರೆಯೋಕೆ ಹೊರಟೆ, ಸುಳ್ಳು. ಇದನ್ನು ಬರೆಯೋಕೆ ಕೈ ಬರದೆ ಮೇಲಿನದೆಲ್ಲ ಬರೆದೆ. ಆ ಈಟಿ ಎಸೆದವನು ಮ್ವಂಬೇಲ. ಭಾನುವಾರ ಪ್ರಾರ್ಥನೆ ಮುಗಿಸಿ ಬಂದು, ನಾನು ಸೌದೆ ಒಡೆಯುತ್ತಿದ್ದಾಗ ಕೈಯಿಂದ ಕೊಡಲಿ ತೆಗೆದುಕೊಂಡು ಹೇಳಿದ. "ಅತ್ತಿಗೆ, ಹೊಲದಿಂದ ಓಡಿಸೋಕೆ ಅಂತ ಎಸೆದೆ. ತಾಗುತ್ತೆ ಅಂದ್ಕೊಂಡಿರ್ಲಿಲ್ಲ. ಅದು ಕಿರುಚ್ಲಿಲ್ಲ, ತಿರುಗಿ ನನ್ನನ್ನೇ ನೋಡ್ತು" ಅಂದ. ಹಗ್ಗ ಎಳೆದು ಅವನ ಎರಡೂ ಅಂಗೈ ಸುಲಿದಿವೆ. ಗೊತ್ತಾದರೆ ಜೈಲೇ, ಮೊಂಬಾಸಾಕ್ಕೆ ಓಡಿಹೋಗು ಅಂತ ಅವನ ಭಾವಮೈದುನರು ಅನ್ನುತ್ತಿದ್ದಾರೆ. ಅವನು ಒಪ್ಪುತ್ತಿಲ್ಲ. ಹೆಂಡತಿಯ, ಎರಡು ಮಕ್ಕಳ ಮುಖ ನೋಡಿಯೂ ಒಪ್ಪುತ್ತಿಲ್ಲ. ಕಾವಲು ಠಾಣೆಗೆ ತಾನೇ ಹೋಗಿ ಹೇಳುತ್ತಾನಂತೆ, "ಅಣ್ಣ ಪಕ್ಕದಲ್ಲಿ ನಿಂತ್ರೆ ಸಾಕು" ಅಂದ. ಅಲ್ಲಿರುವವರೆಲ್ಲ ನಿಮ್ಮ ಜೊತೆ ಒಂದೇ ತಟ್ಟೆಯಲ್ಲಿ ಉಂಡವರು, ನಿಮಗೆ ಎಷ್ಟು ಕಷ್ಟ ಅಂತ ಗೊತ್ತು. ಅವನ ಪರ ಮಾತಾಡಿ ಅಂತ ನಾನು ಕೇಳುತ್ತಿಲ್ಲ. ಲಾರಿ ಮಂಗಳವಾರ ವಾಪಸ್ ಹೊರಡುತ್ತೆ, ಅದರಲ್ಲಿ ಬನ್ನಿ. ಗುರುವಾರದವರೆಗೆ ಕಾಯುತ್ತೇವೆ. ನೀವು ಬರಲಿಲ್ಲ ಅಂದರೆ ಶುಕ್ರವಾರ ಬೆಳಿಗ್ಗೆ ಅವನ ಪಕ್ಕದಲ್ಲಿ ನಾನು ನಿಲ್ಲುತ್ತೇನೆ. ಅತ್ತೆಗೂ ಹೇಳಿಯಾಯಿತು. ಅವರು ಎದ್ದು ಹೋಗಿ ಅವನ ಬಿಳಿ ಅಂಗಿ ಒಗೆದು ಒಣಗೋಕೆ ಹಾಕಿದ್ದಾರೆ.