ಅಕ್ಕನ ಅಣು

ಮಾರ್ಚ್ ೧೨, ಗುರುವಾರ

ಪ್ರೀತಿಯ ಅಕ್ಕಾ,

ಫೋನಿನಲ್ಲಿ ಹೇಳಲು ಹೊರಟರೆ ನೀನು ಅರ್ಧಕ್ಕೇ "ಆಯ್ತು ಬಿಡೇ" ಅಂದು ಮಾತು ಮುಗಿಸುತ್ತೀಯ. ಅದಕ್ಕೇ ಈ ಕಾಗದ. ಪೂರ್ತಿ ಓದು, ಆಮೇಲೆ ಎಷ್ಟು ಬೇಕಾದರೂ ಬೈ.

ನಿನ್ನ ಅಣು ಬೆಳಗಿತು. ಎರಡು ವರ್ಷದ ಹಿಂದೆ ಕೈಬಿಟ್ಟು ಹೋದೆಯಲ್ಲ, ಅದೇ. ಮೊನ್ನೆ ಪ್ರಯೋಗಾಲಯದ ನೇರಳಾತೀತ ದೀಪದಡಿ ಹಿಡಿದ ಕೂಡಲೇ ಸೀಸೆಯ ತುಂಬ ಕೆಂಪು. ಸರ್ ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು. "ಇದು ನಿಮ್ಮಕ್ಕಂದಲ್ವಾ?" ಎಂದು ಕೇಳಿದರು. ಹೌದೆಂದೆ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನೀನೇ ಹೇಳಿಕೊಟ್ಟಿದ್ದೆ: "ಯುರೋಪಿಯಂ ಮಹಾ ಸೋಮಾರಿ ಲೋಹ ಕಣೇ. ತಾನಾಗಿ ಬೆಳಕು ಹೀರೋಕೆ ಬರಲ್ಲ. ಸುತ್ತ ಒಂದು ಸಾವಯವ ಅಣು ಕೂರಿಸ್ಬೇಕು. ಅದು ಬೆಳಕು ಹಿಡಿದು ಇದರ ಬಾಯಿಗೆ ತುತ್ತಿಡುತ್ತೆ." ತುತ್ತಿಡುವ ಆ ಅಣುವಿನ ಶಕ್ತಿಮಟ್ಟ ಯುರೋಪಿಯಂನದಕ್ಕಿಂತ ಒಂದೇ ಮೆಟ್ಟಿಲು ಮೇಲಿರಬೇಕೆಂದು, ನೀನು ಅದರ ಉಂಗುರಗಳನ್ನು ಬರೆದು ಅಳಿಸಿ, ಬರೆದು ಅಳಿಸಿ ಎಂಟು ತಿಂಗಳು ಕಳೆದೆ. ಕೊನೆಗೆ ಅಣು ಸಿದ್ಧವಾದ ವಾರವೇ ನಿನಗೆ ಜ್ವರ. ಲೋಹದ ಜೊತೆ ಸೇರಿಸಿ ನೋಡುವ ಕೆಲಸ ನನಗೆ ಬಂತು. ಬೆಳಕು ಬರಲಿಲ್ಲ. ಮನೆಗೆ ಬಂದು ನಾನೇ ಹೇಳಿದೆ. ನೀನು ಹಾಸಿಗೆಯಲ್ಲಿ ಎದ್ದು ಕೂತು, "ನನ್ನ ತಲೆಗೆ ಹೊಳೆಯೋದೆಲ್ಲ ಕಾಗದದ ಮೇಲಷ್ಟೇ ಚೆಂದ" ಎಂದು ನಕ್ಕೆ. ತಿಂಗಳೊಳಗೆ ಶಾಲೆಯ ಕೆಲಸ ಹಿಡಿದೆ.

ಕಳೆದ ತಿಂಗಳು ಹಳೆಯ ನೋಟ್‌ಬುಕ್ ತಿರುವುವಾಗ ಅವತ್ತು ನಾನು ಬರೆದಿಟ್ಟ ಬಾಟಲಿಯ ಸಂಖ್ಯೆ ಕಣ್ಣಿಗೆ ಬಿತ್ತು. ಕಪಾಟು ತೆಗೆದು ತಾಳೆ ನೋಡಿದೆ. ಅದು ಯುರೋಪಿಯಂ ಅಲ್ಲ ಅಕ್ಕಾ, ಪಕ್ಕದಲ್ಲಿದ್ದ ಟರ್ಬಿಯಂ. ಎರಡರ ಲವಣವೂ ಬಿಳಿ ಪುಡಿ. ಟರ್ಬಿಯಂನ ಮೆಟ್ಟಿಲು ಇನ್ನೂ ಎತ್ತರ, ನಿನ್ನ ಅಣುವಿನ ಕೈ ಅಲ್ಲಿಗೆ ಎಟುಕುವುದೇ ಇಲ್ಲ.

ಮಾರನೇ ದಿನದಿಂದ ನಿನ್ನ ಅಣುವನ್ನು ಮೊದಲಿನಿಂದ ಮಾಡಲು ಕೂತೆ. ಮೂರು ವಾರ ಹಿಡಿಯಿತು. ಈ ಸಲ ಲೇಬಲ್ಲನ್ನು ಗಟ್ಟಿಯಾಗಿ ಓದಿಯೇ ಮುಚ್ಚಳ ತೆಗೆದದ್ದು. ಪಕ್ಕದ ಮೇಜಿನವಳು ನನಗೆ ತಲೆ ಕೆಟ್ಟಿದೆ ಅಂದುಕೊಂಡಿರಬೇಕು.

ಸರ್‌ಗೆ ಎಲ್ಲವನ್ನೂ ಹೇಳಿದೆ. ಈಗ ಬರೆಯುವ ಸಂಶೋಧನಾ ಪ್ರಬಂಧದಲ್ಲಿ ಮೊದಲ ಹೆಸರು ನಿನ್ನದು. ಅವರು "ಕಿಟಕಿ ಪಕ್ಕದ ಮೇಜು ಖಾಲಿ ಮಾಡಿಸ್ತೀನಿ. ವಾಪಸ್ ಬರ್ತಾರಾ ಕೇಳಿ ನೋಡು" ಅಂದರು. ಶಾಲೆಯ ಮಕ್ಕಳು ನಿನ್ನನ್ನು ಎಷ್ಟು ಹಚ್ಚಿಕೊಂಡಿದ್ದಾರೆಂದು ನನಗೆ ಗೊತ್ತು. ಬಿಟ್ಟು ಬಾ ಎನ್ನುವ ಮುಖ ನನಗಿಲ್ಲ. ಆದರೆ ಒಂದು ದಿನದ ಮಟ್ಟಿಗಾದರೂ ಬಂದು ನೋಡು. ನೀನು ಮಾಡಿದ್ದನ್ನು ನೀನೊಬ್ಬಳೇ ನೋಡಿಲ್ಲ.

ನಿನ್ನ ತಂಗಿ,
ಪುಟ್ಟಿ

ತಾ.ಕ.: ಇದು ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಅವತ್ತು ಜ್ವರದಲ್ಲೇ ನೀನು "ಲೇಬಲ್ ಸರಿಯಾಗಿ ನೋಡ್ಕೊಂಡ್ಯಾ?" ಎಂದು ಕೇಳಿದ್ದೆ. ನಾನು ಸಂಖ್ಯೆ ಬರೆದುಕೊಂಡಿದ್ದೆ, ಹೆಸರು ಓದಿರಲಿಲ್ಲ. ಆದರೂ ನೋಡಿದೆ ಅಂದೆ. ನೀನು ಇನ್ನೊಮ್ಮೆ ಕೇಳಲೇ ಇಲ್ಲ.